ಆಟ ಏಕೆ ಹಿಡಿಸುತ್ತದೆ ಎಂಬುದನ್ನು ಸಂಶೋಧಿಸಲು ಸಾಧ್ಯವೇ?

ಕಂಪ್ಯೂಟರ್ ಗೇಮ್ ವಿನ್ಯಾಸದಲ್ಲಿ ಸಂಶೋಧನೆ ಎಂದರೆ ಗ್ರಾಫಿಕ್ಸ್ ಮತ್ತು ಪ್ರೋಗ್ರಾಮಿಂಗ್ ಮಾತ್ರವೇ, ಅಥವಾ ಒಂದು ಆಟ ಜನರಿಗೆ ಏಕೆ ಹಿಡಿಸುತ್ತದೆ ಎಂಬುದನ್ನೂ ಶಾಸ್ತ್ರೀಯವಾಗಿ ಪರೀಕ್ಷಿಸಬಹುದೇ ಎಂದು ನೀವು ಕೇಳಿದ್ದೀರಿ. ಖಂಡಿತ ಪರೀಕ್ಷಿಸಬಹುದು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಜೀವಾಳವೇ ಆ ಎರಡನೆಯ ಪ್ರಶ್ನೆ.

ವಿದ್ಯಾರ್ಥಿಗಳೊಂದಿಗೆ ಈ ವಿಷಯ ಚರ್ಚಿಸುವಾಗಲೆಲ್ಲ ನಾನು ಕಂಪ್ಯೂಟರ್ ಆಟಗಳು ಏಕೆ ಹಿಡಿಸುತ್ತವೆ ಎಂದು ಪರೀಕ್ಷಿಸಿದ ಸಂಶೋಧಕ ಥಾಮಸ್ ಮಲೋನ್ ಅವರ 1980ರ ಅಧ್ಯಯನದಿಂದಲೇ ಆರಂಭಿಸುತ್ತೇನೆ. ಅವರು ಆಯ್ದುಕೊಂಡ ಆಟಗಳಲ್ಲಿ ಒಂದು, ಭಿನ್ನರಾಶಿ ಕಲಿಸುವ 'ಡಾರ್ಟ್ಸ್'. ಪರದೆಯ ಮೇಲೆ ಒಂದು ಸಂಖ್ಯಾರೇಖೆ, ಅದರ ಮೇಲೆ ಅಲ್ಲಲ್ಲಿ ಬಲೂನುಗಳು. ಬಲೂನು ಯಾವ ಸಂಖ್ಯೆಯ ಎದುರಿಗಿದೆ ಎಂದು ಮಗು ಅಂದಾಜು ಮಾಡಿ ಟೈಪ್ ಮಾಡಿದರೆ ಬಾಣವೊಂದು ಆ ಜಾಗಕ್ಕೆ ಹಾರುತ್ತದೆ. ಅಂದಾಜು ಸರಿಯಿದ್ದರೆ ಬಲೂನು ಒಡೆಯುತ್ತದೆ. ಮಲೋನ್ ಈ ಆಟದ 8 ಆವೃತ್ತಿಗಳನ್ನು ಸಿದ್ಧಪಡಿಸಿ, ಸಂಗೀತ, ಅಂಕ, ತಪ್ಪಿದಾಗ ದೊರೆಯುವ ಸುಳಿವು, ಬಾಣ–ಬಲೂನಿನ ಕಲ್ಪನೆ ಮುಂತಾದ ಅಂಶಗಳಲ್ಲಿ ಯಾವುದು ಇದ್ದಾಗ, ಯಾವುದು ಇಲ್ಲದಿದ್ದಾಗ ಆಟದ ಆಕರ್ಷಣೆ ಬದಲಾಗುತ್ತದೆ ಎಂದು ನೋಡಿದರು. ಐದನೆಯ ತರಗತಿಯ 80 ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಆವೃತ್ತಿ ಸಿಕ್ಕಿತು. ಜೊತೆಗೆ ಎಲ್ಲರಿಗೂ ಸಮಾನವಾದ ಇನ್ನೊಂದು ಆಟವೂ ಇತ್ತು. ಎರಡರ ನಡುವೆ ತಮ್ಮ ಸಮಯವನ್ನು ಮಕ್ಕಳು ತಾವಾಗಿಯೇ ಹೇಗೆ ಹಂಚಿಕೊಂಡರು ಎಂಬುದೇ ಮುಖ್ಯ ಅಳತೆಗೋಲಾಯಿತು. ಬಾಣದಿಂದ ಬಲೂನು ಒಡೆಯುವ ಕಲ್ಪನೆ ಹುಡುಗರಿಗೆ ಹಿಡಿಸಿತು, ಹುಡುಗಿಯರಿಗೆ ಹಿಡಿಸಲಿಲ್ಲ. ಎಲ್ಲರಿಗೂ ಇಷ್ಟವಾಗಲೆಂದು ಸೇರಿಸಿದ ಒಂದು ಅಲಂಕಾರವೇ ಕೆಲವರನ್ನು ದೂರ ತಳ್ಳಬಹುದು ಎಂಬ ಈ ಫಲಿತಾಂಶವನ್ನು ಶೈಕ್ಷಣಿಕ ಆಟ ತಯಾರಿಸುವ ಪ್ರತಿಯೊಬ್ಬರೂ ಓದಬೇಕೆಂಬುದು ನನ್ನ ಬಲವಾದ ಅನಿಸಿಕೆ.

ಮುಂದೆ 2004ರಲ್ಲಿ ರಾಬಿನ್ ಹುನಿಕಿ, ಮಾರ್ಕ್ ಲೆಬ್ಲಾಂಕ್ ಮತ್ತು ರಾಬರ್ಟ್ ಜುಬೆಕ್ ಮಂಡಿಸಿದ 'ಎಂಡಿಎ' (ಮೆಕ್ಯಾನಿಕ್ಸ್, ಡೈನಾಮಿಕ್ಸ್, ಈಸ್ಥೆಟಿಕ್ಸ್; ಅಂದರೆ ನಿಯಮ, ವರ್ತನೆ, ಅನುಭವ) ಚೌಕಟ್ಟು ಇದೇ ವಿಚಾರಕ್ಕೆ ಸೈದ್ಧಾಂತಿಕ ನೆಲೆಯೊದಗಿಸಿತು. ವಿನ್ಯಾಸಕ ನೇರವಾಗಿ ಬರೆಯಬಲ್ಲದ್ದು ನಿಯಮಗಳನ್ನು ಮಾತ್ರ. ಆಡುವಾಗ ಆ ನಿಯಮಗಳಿಂದ ಒಂದು ವರ್ತನೆ ಮೂಡುತ್ತದೆ, ಆ ವರ್ತನೆಯಿಂದ ಆಟಗಾರನಿಗೆ ಭಯ, ಉತ್ಸಾಹ, ಒಡನಾಟದಂತಹ ಅನುಭವ ದಕ್ಕುತ್ತದೆ. ಆಟಗಾರ ಇದನ್ನು ಅನುಭವದ ತುದಿಯಿಂದ ಕಾಣುತ್ತಾನೆ, ವಿನ್ಯಾಸಕ ನಿಯಮದ ತುದಿಯಿಂದ.

ಉದ್ಯಮದಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ ವಾಲ್ವ್ ಕಂಪನಿಯ 2008ರ 'ಲೆಫ್ಟ್ 4 ಡೆಡ್' ಎಂಬ, ಆಟಗಾರರು ತಂಡವಾಗಿ ಶತ್ರುಗಳೊಡನೆ ಕಾದಾಡುವ ಆಟ ಒಳ್ಳೆಯ ಉದಾಹರಣೆ. ಅದರಲ್ಲಿ 'ಎಐ ಡೈರೆಕ್ಟರ್' ಎಂಬ ವ್ಯವಸ್ಥೆ ಪ್ರತಿಯೊಬ್ಬ ಆಟಗಾರ ಎಷ್ಟು ಉದ್ವೇಗದಲ್ಲಿರಬಹುದು ಎಂದು ಲೆಕ್ಕಹಾಕುತ್ತ ಹೋಗುತ್ತದೆ: ಪೆಟ್ಟು ಬಿದ್ದರೆ ಅಂದಾಜು ಏರುತ್ತದೆ, ಕಾದಾಟವಿಲ್ಲದಿದ್ದರೆ ನಿಧಾನವಾಗಿ ಇಳಿಯುತ್ತದೆ. ಉದ್ವೇಗ ಶಿಖರ ಮುಟ್ಟಿದ ಬಳಿಕ ಸ್ವಲ್ಪ ಹೊತ್ತು ದೊಡ್ಡ ದಾಳಿಗಳನ್ನು ತಡೆಹಿಡಿದು, ತಂಡಕ್ಕೆ ಉಸಿರಾಡಲು ಬಿಟ್ಟು, ಮತ್ತೆ ಶತ್ರುಗಳನ್ನು ಕಳುಹಿಸುತ್ತದೆ.

ಇದೇ ಜ್ಞಾನವನ್ನು ಆಟಗಾರರ ಜೇಬಿಗೆ ಕೈಹಾಕಲು ಬಳಸುವುದೂ ಉಂಟು, ಆದ್ದರಿಂದ ಈ ಸಂಶೋಧನೆಯಲ್ಲಿ ನೀತಿಯ ಪ್ರಶ್ನೆಯನ್ನು ಬದಿಗಿಡಲಾಗದು. ಒಳಗೇನಿದೆಯೆಂದು ತಿಳಿಯದೆಯೇ ದುಡ್ಡು ಕೊಟ್ಟು ತೆರೆಯುವ 'ಲೂಟ್ ಬಾಕ್ಸ್'ಗಳ ಕುರಿತು ಡೇವಿಡ್ ಜೆಂಡಲ್ ಮತ್ತು ಪಾಲ್ ಕೈರ್ನ್ಸ್ 2018ರಲ್ಲಿ ಪ್ರಕಟಿಸಿದ ಸಮೀಕ್ಷೆ, ಅವುಗಳಿಗೆ ಹೆಚ್ಚು ಖರ್ಚು ಮಾಡುವವರಲ್ಲಿ ಜೂಜಿನ ಸಮಸ್ಯೆಯೂ ಹೆಚ್ಚು ತೀವ್ರವಾಗಿರುವುದನ್ನು ತೋರಿಸಿತು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಅಂತಹ ಒಂದು ಸಮೀಕ್ಷೆಯಿಂದ ತೀರ್ಮಾನಿಸಲು ಬರುವುದಿಲ್ಲ. ಆದರೂ ಈ ಸಂಬಂಧವನ್ನು ಕಡೆಗಣಿಸಿ ವಿನ್ಯಾಸ ಕಲಿಸುವುದು ಸರಿಯೆಂದು ನಾನು ಒಪ್ಪುವುದಿಲ್ಲ.

ನೀವೇ ಆರಂಭಿಸುವುದಾದರೆ ದೊಡ್ಡ ಗೇಮ್ ಎಂಜಿನ್ (ಆಟ ತಯಾರಿಸುವ ತಂತ್ರಾಂಶ) ಬೇಕಿಲ್ಲ. ಒಂದು ಪುಟ್ಟ ಆಟ ಬರೆದು, ಒಂದೇ ಒಂದು ಅಂಶದಲ್ಲಿ ಮಾತ್ರ ವ್ಯತ್ಯಾಸವಿರುವ ಎರಡು ಆವೃತ್ತಿ ಮಾಡಿ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಆಡುವವರ ಒಪ್ಪಿಗೆ ಪಡೆದು, ಅವರು ಆಡುತ್ತಿರುವಾಗ ಸುಮ್ಮನೆ ಕುಳಿತು ನೋಡಿ. ಎಲ್ಲಿ ತಡವರಿಸಿದರು, ಯಾವಾಗ ಆಟ ಬಿಟ್ಟು ಎದ್ದರು ಎಂದು ಬರೆದುಕೊಳ್ಳಿ; 'ಹೇಗಿತ್ತು?' ಎಂಬ ಪ್ರಶ್ನೆಯನ್ನು ಆಮೇಲೆ ಕೇಳಿ, ಏಕೆಂದರೆ ಆಟ ಮಾಡಿದವರೇ ಎದುರಿಗಿದ್ದಾಗ ಹೆಚ್ಚಿನವರು ಸೌಜನ್ಯಕ್ಕಾಗಿ 'ಚೆನ್ನಾಗಿತ್ತು' ಎಂದೇ ಹೇಳುತ್ತಾರೆ.