‘ಬ್ಲಡ್ ಅಂಡ್ ಆನರ್’ ಎಂಬ ನವನಾಜಿ ಜಾಲ ಅಷ್ಟೊಂದು ದೇಶಗಳಿಗೆ ಹಬ್ಬಿದ್ದು ಹೇಗೆ?
ಹಾಡಿನ ಮೂಲಕ. ‘ಸ್ಕ್ರೂಡ್ರೈವರ್’ ಎಂಬ ರಾಕ್ ಬ್ಯಾಂಡಿನ ಗಾಯಕ ಇಯಾನ್ ಸ್ಟುವರ್ಟ್ ಡೊನಾಲ್ಡ್‌ಸನ್ ಮತ್ತು ಸಂಗಡಿಗರು 1987ರಲ್ಲಿ ಬ್ರಿಟನ್‌ನಲ್ಲಿ ಇದನ್ನು ಶುರು ಮಾಡಿದರು. ಹೆಸರು ಎತ್ತಿಕೊಂಡಿದ್ದು ಹಿಟ್ಲರನ ಯುವದಳದ ಹುಡುಗರ ಚಾಕುವಿನ ಮೇಲೆ ಕೆತ್ತಿರುತ್ತಿದ್ದ ‘ರಕ್ತ ಮತ್ತು ಗೌರವ’ ಎಂಬ ಘೋಷಣೆಯಿಂದ.

ರಾಜಕೀಯ ಭಾಷಣಕ್ಕೆ ಬಾರದ ಹುಡುಗರು ಗದ್ದಲದ ಸಂಗೀತಕ್ಕೆ ಬರುತ್ತಾರೆ, ಅಲ್ವಾ? ಟಿಕೆಟ್, ಸಿ.ಡಿ., ಟೀ ಶರ್ಟ್ ಮಾರಿದ ದುಡ್ಡೂ ಕೈಗೆ ಬರುತ್ತಿತ್ತು.

ಎಲ್ಲವನ್ನೂ ಆಳುವ ಒಂದೇ ಕಚೇರಿ ಇರಲಿಲ್ಲ. ಒಂದೊಂದು ದೇಶದಲ್ಲೂ ಒಂದೊಂದು ‘ಡಿವಿಷನ್’. ಹಾಗಾಗಿ ಒಂದು ಕಡೆ ಬಾಗಿಲು ಹಾಕಿಸಿದರೆ ಉಳಿದವು ಸುಮ್ನೆ ನಡೆಯುತ್ತಿದ್ದವು. 2000ದಲ್ಲಿ ಜರ್ಮನಿ ನಿಷೇಧಿಸಿತು. ಆಮೇಲೆ ಅಲ್ಲಿನವರು ‘28’ ಎಂಬ ಗುರುತು ಹಿಡಿದರು: ಜಾಲದ ಇಂಗ್ಲಿಷ್ ಹೆಸರಿನ (Blood and Honour) ಮೊದಲಕ್ಷರಗಳು ಬಿ ಮತ್ತು ಎಚ್; ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಬಿ ಎರಡನೆಯದು, ಎಚ್ ಎಂಟನೆಯದು.