ಬಚ್ಚಲ ಒಲೆಯಿಂದ ಕರೆಂಟು ಬರುತ್ತಾ?

ಪ್ರಶ್ನೆ: ನಮ್ಮದು ಮಲೆನಾಡು. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಪತ್ತೆ ಇರಲ್ಲ, ಮೋಡ ಕವಿದರೆ ಸೋಲಾರೂ ಅಷ್ಟೇ. ಬಚ್ಚಲ ಒಲೆ ಮಾತ್ರ ದಿನಾ ಉರಿಯುತ್ತದೆ. ಅದಕ್ಕೆ ಪೆಲ್ಟಿಯರ್ ಬಿಲ್ಲೆ ಇಟ್ಟು ಮೊಬೈಲ್ ಚಾರ್ಜ್ ಮಾಡಬಹುದಾ?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಕರೆಂಟು ಬರುತ್ತದೆ, ಆದರೆ ಮೊಬೈಲ್ ತುಂಬುವಷ್ಟಲ್ಲ.

ಪೆಲ್ಟಿಯರ್ ಬಿಲ್ಲೆ ಅಂದರೆ ಒಂದು ಮುಖ ಬಿಸಿ, ಇನ್ನೊಂದು ಮುಖ ತಣ್ಣಗಿದ್ದರೆ ಕರೆಂಟು ಕೊಡುವ ಚಪ್ಪಟೆ ಬಿಲ್ಲೆ. ಐಡಿಯಾ ಹಳೆಯದೇ. ಎರಡು ಬೇರೆ ಲೋಹ ಜೋಡಿಸಿ ಒಂದು ಬೆಸುಗೆ ಕಾಯಿಸಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಅಂತ ಸೀಬೆಕ್ ಎಂಬ ವಿಜ್ಞಾನಿ 1821ರಲ್ಲೇ ಕಂಡಿದ್ದ (ಪಾಪ, ಅವನು ಅದನ್ನು ಅಯಸ್ಕಾಂತದ ಆಟ ಅಂದುಕೊಂಡ, ಮುಳ್ಳು ತಿರುಗಿಸಿದ್ದು ಕರೆಂಟು). 1950ರ ದಶಕದಲ್ಲಿ ಸೋವಿಯತ್ ಹಳ್ಳಿಗಳಲ್ಲಿ ಸೀಮೆಎಣ್ಣೆ ದೀಪದ ಬಿಸಿಯಿಂದಲೇ ರೇಡಿಯೊ ಹಾಡಿಸುತ್ತಿದ್ದರು.

ಎಲ್ಲರೂ ಬೆಂಕಿ ಎಷ್ಟಿದೆ ಅಂತ ನೋಡುತ್ತಾರೆ. ನೋಡಬೇಕಾದ್ದು ಬಿಲ್ಲೆಯ ಇನ್ನೊಂದು ಮುಖ ಎಷ್ಟು ತಣ್ಣಗಿದೆ ಅಂತ. ನಾನೂ ಮೊದಲು ಎಡವಿದ್ದು ಅಲ್ಲೇ. ಬಿಲ್ಲೆಯನ್ನು ಒಲೆಯ ತಗಡಿನ ಮೇಲೆ ಸುಮ್ನೆ ಇಟ್ಟೆ, ಮೀಟರ್ ಟಕ್ಕಂತ 2 ವೋಲ್ಟ್ ತೋರಿಸಿತು, ಖುಷಿಯಲ್ಲಿ ಮನೆಯವರನ್ನೆಲ್ಲ ಕೂಗಿ ಕರೆದೆ, ಅವರು ಬರುವಷ್ಟರಲ್ಲಿ ಮೇಲಿನ ಮುಖವೂ ಕಾದು ವೋಲ್ಟು ಇಳಿದೇ ಹೋಗಿತ್ತು. ಇನ್ನೊಂದು ಸ್ವಲ್ಪ ಹೊತ್ತಿಗೆ ಬಿಲ್ಲೆಯೇ ಸತ್ತಿತು. ಅಂಗಡಿಯಲ್ಲಿ ಸಿಗುವ 12706 ನಂಬರಿನ ಬಿಲ್ಲೆ ತಂಪು ಮಾಡಲಿಕ್ಕೆ ಇರುವಂಥದ್ದು, ಒಳಗಿನ ಬೆಸುಗೆ 138 ಡಿಗ್ರಿಗೇ ಕರಗುತ್ತದೆ. ಒಲೆಗಾದರೆ ಜಾಸ್ತಿ ಬಿಸಿ ತಡೆಯುವ, ಕರೆಂಟು ತೆಗೆಯಲಿಕ್ಕೇ ಮಾಡಿದ ಬಿಲ್ಲೆ ಕೇಳಿ ತನ್ನಿ.

ಕೆಳಗೆ ದಪ್ಪ ಅಲ್ಯೂಮಿನಿಯಂ ತಗಡು, ನಡುವೆ ಬಿಲ್ಲೆ, ಮೇಲೆ ಸಪಾಟು ತಳದ ನೀರಿನ ಪಾತ್ರೆ. ಸಂದಿಗಳಿಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್. ನೀರಿದ್ದಷ್ಟು ಹೊತ್ತು ಮೇಲಿನ ಮುಖ ನೂರು ಡಿಗ್ರಿ ದಾಟುವುದು ಕಷ್ಟ, ಆ ನೀರೂ ಸ್ನಾನಕ್ಕಾಯಿತು, ಹಾಳಾಗುವುದೇನಿಲ್ಲ. ಹಂಡೆಯ ತಂಟೆಗೆ ಮಾತ್ರ ಹೋಗಬೇಡಿ.

ಈಗ ಲೆಕ್ಕ. ಬಿಲ್ಲೆಯೊಳಗೆ ಬಿಸ್ಮತ್ ಟೆಲ್ಯೂರೈಡ್ ಎಂಬ ವಸ್ತುವಿನ 127 ಜೋಡಿ ತುಂಡುಗಳಿರುತ್ತವೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಲ್ಲ ಸೇರಿ ಸುಮಾರು 0.05 ವೋಲ್ಟ್. ನೂರು ಡಿಗ್ರಿ ವ್ಯತ್ಯಾಸ ಸಿಕ್ಕರೆ 5 ವೋಲ್ಟ್, ಲೋಡ್ ಹಾಕಿದರೆ ಅದರ ಅರ್ಧ. ಮನೆಯಲ್ಲಿ ಜೋಡಿಸಿದ್ದಕ್ಕೆ ಒಂದೂವರೆ ವ್ಯಾಟ್ ಬಂದರೆ ಪುಣ್ಯ. ಒಂದೂವರೆ ಗಂಟೆ ಒಲೆ ಉರಿದರೆ ಸುಮಾರು ಎರಡು ವ್ಯಾಟ್-ಅವರ್, ನಿಮ್ಮ 5000 ಎಂಎಎಚ್ ಮೊಬೈಲಿಗೆ ಬೇಕಾದ್ದು ಹತ್ತೊಂಬತ್ತು. ಹತ್ತರಲ್ಲಿ ಒಂದು ಪಾಲು, ಅಷ್ಟೇ ಅಲ್ವಾ?

ನಾನಾಗಿದ್ದರೆ ಮೊಬೈಲ್ ಆಸೆ ಬಿಟ್ಟು, ವೋಲ್ಟ್ ಏರಿಸುವ ಒಂದು ಬೂಸ್ಟ್ ಕನ್ವರ್ಟರ್ ಸೇರಿಸಿ ಬಚ್ಚಲಿಗೆ ಒಂದು ವ್ಯಾಟಿನ ಎಲ್‌ಇಡಿ ಹಾಕುತ್ತಿದ್ದೆ. ಮತ್ತೆ, ಪಾತ್ರೆಯಲ್ಲಿ ನೀರು ಬತ್ತದ ಹಾಗೆ ನೋಡಿಕೊಳ್ಳಿ, ಬಿಲ್ಲೆ ಪುಕ್ಕಟೆ ಬರಲ್ಲ.