ನಿಂತಲ್ಲೇ ನಡುಗುವ ಪದ್ಮಿನಿ: ಇಂಜಿನ್ ಇಳಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ಸರ್, ನಮ್ಮ ತಂದೆ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದಾಗ ತಗೊಂಡ 1978ರ ಪ್ರೀಮಿಯರ್ ಪದ್ಮಿನಿ ಇನ್ನೂ ನಮ್ಮ ಮನೆಯಲ್ಲಿದೆ. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡುವಾಗ) ಗಾಡಿ ಪೂರ್ತಿ ನಡುಗುತ್ತದೆ, ಒಮ್ಮೊಮ್ಮೆ ಆಫ್ ಆಗುತ್ತದೆ. 40ರ ಮೇಲೆ ಹೋದರೆ ಏನೂ ತೊಂದರೆ ಇಲ್ಲ. ಹೊಗೆ ಬರಲ್ಲ, ಆಯಿಲ್ ಕುಡಿಯಲ್ಲ. ಹೊಸ ಪ್ಲಗ್ ಹಾಕಿಸಿದೆ, ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ರಿಪೇರಿ ಕಿಟ್ ಎರಡು ಸಲ ಹಾಕಿಸಿದೆ. ಎರಡನೇ ಸಲದ ನಂತರ ಇನ್ನೂ ಜಾಸ್ತಿಯಾಗಿದೆ. ಚೋಕ್ ಸ್ವಲ್ಪ ಎಳೆದಿಟ್ಟರೆ ಮಾತ್ರ ಸರಿಯಾಗಿ ನಿಲ್ಲುತ್ತದೆ. ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು (ಸವೆದ ಸಿಲಿಂಡರ್ ಕೊರೆಸಬೇಕು) ಅಂತಾರೆ ಮೆಕ್ಯಾನಿಕ್. ಮಾಡಿಸಲಾ?
– ಶಿಡ್ಲಘಟ್ಟದ ಓದುಗರು

ಉತ್ತರ: ಈಗಲೇ ಬೇಡ. ಹೊಗೆ ಇಲ್ಲ, ಆಯಿಲ್ ಕಮ್ಮಿಯಾಗುತ್ತಿಲ್ಲ, ಓಡುವಾಗ ಶಕ್ತಿ ಇದೆ. ಇಂಥ ಇಂಜಿನ್ನಿಗೆ ಬೋರ್ ಯಾಕೆ? 1089 ಸಿಸಿಯ ಈ ಫಿಯೆಟ್ ಇಂಜಿನ್ ಗಟ್ಟಿ ಇಂಜಿನ್. ಕಾರಣ ಗೊತ್ತಿಲ್ಲದೆ ಒಮ್ಮೆ ಬಿಚ್ಚಿದರೆ ಇರುವ ತೊಂದರೆಯ ಜೊತೆ ಹೊಸದೂ ಸೇರಿಕೊಳ್ಳುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಚೋಕ್ ಮಾತು. ಚೋಕ್ ಎಳೆದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಆಗ ಇಂಜಿನ್ ಸರಿಯಾಗಿ ನಿಲ್ಲುತ್ತದೆ ಅಂದರೆ, ಉಳಿದ ಹೊತ್ತು ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ವೇಗದಲ್ಲಿ ಸರಿಹೋಗುವುದಕ್ಕೂ ಇದೇ ಕಾರಣ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ತೆರೆದಾಗ ಗಾಳಿ ಹೇಗೂ ತುಂಬಾ ಹೋಗುತ್ತಿರುತ್ತದೆ, ಸಣ್ಣ ಸೋರಿಕೆ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪೆಟ್ರೋಲ್ ಕೊಡುವ ಕೆಲಸವೂ ಐಡ್ಲಿಂಗ್ ಜೆಟ್‌ನಿಂದ (ಜೆಟ್ ಅಂದರೆ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಬಿಡಿಭಾಗ) ಮೇನ್ ಜೆಟ್‌ಗೆ ಹೋಗುತ್ತದೆ.

ಆದರೂ ನೇರವಾಗಿ ಕಾರ್ಬೊರೇಟರ್‌ಗೆ ಕೈ ಹಾಕಬೇಡಿ. ಮೊದಲು ನಡುಕ ಒಂದೇ ಸಿಲಿಂಡರ್‌ನದ್ದೋ, ನಾಲ್ಕರದ್ದೂ ಹೌದೋ ನೋಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಶೆಡ್ಡಿನ ಬಾಗಿಲು ತೆರೆದಿರಲಿ. ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ಬಿಚ್ಚಿ, ಅದರ ತುದಿ ಬ್ಲಾಕ್‌ಗೆ ತಾಗುವಂತೆ ಕಟ್ಟಿ, ಮತ್ತೆ ಸ್ಟಾರ್ಟ್ ಮಾಡಿ. ವೈರನ್ನು ಸುಮ್ನೆ ನೇತುಬಿಡಬೇಡಿ, ಕಾಯಿಲ್ ಹಾಳಾಗುತ್ತದೆ. ಹೀಗೆ ಒಂದೊಂದಾಗಿ ನಾಲ್ಕೂ ನೋಡಿ. ವೈರ್ ಬಿಚ್ಚಿದಾಗ ಇಂಜಿನ್ ಇನ್ನೂ ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಬಿಚ್ಚಿದರೂ ಏನೂ ವ್ಯತ್ಯಾಸ ಆಗದಿದ್ದರೆ ಮಿಸ್ಸಿಂಗ್ (ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಅಲ್ಲೇ. ಆಗ ಪ್ಲಗ್, ವೈರ್, ಟ್ಯಾಪೆಟ್, ವಾಲ್ವ್ ಕಡೆ ಗಮನ ಕೊಡಬೇಕು. ವೈರ್‌ಗಳನ್ನು ಅದಲುಬದಲು ಮಾಡಿದ್ದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ 1-3-4-2 ಕ್ರಮವನ್ನೂ ಒಮ್ಮೆ ನೋಡಿಕೊಳ್ಳಿ.

ಆಮೇಲೆ ಪಾಯಿಂಟ್, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಸ್ವಿಚ್. ಕಾರ್ಬೊರೇಟರ್ ತೊಂದರೆ ಅಂತ ಬರುವ ಎಷ್ಟೋ ಹಳೇ ಗಾಡಿಗಳ ಕಾಯಿಲೆ ಡಿಸ್ಟ್ರಿಬ್ಯೂಟರ್ ಒಳಗೇ ಇರುತ್ತದೆ. ಪಾಯಿಂಟ್ ಗ್ಯಾಪ್ ಫೀಲರ್ ಗೇಜ್‌ನಲ್ಲಿ (ಸಂದಿ ಅಳೆಯುವ ತೆಳು ಲೋಹದ ಎಲೆಗಳು) ಹೆಚ್ಚುಕಡಿಮೆ 0.45 ಮಿಮೀ ಇರಲಿ. ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಅಲ್ಲಾಡಿದರೆ ಬುಷ್ ಸವೆದಿದೆ, ನೀವು ಇಟ್ಟ ಗ್ಯಾಪ್ ಪ್ರತಿ ಸುತ್ತಿಗೂ ಬದಲಾಗುತ್ತಿರುತ್ತದೆ. ಕತ್ತಲಾದ ಮೇಲೆ ಲೈಟ್ ಆರಿಸಿ ಬಾನೆಟ್ ಎತ್ತಿ ನೋಡಿ. ಕ್ಯಾಪ್ ಬಿರುಕು ಬಿಟ್ಟಿದ್ದರೆ, ವೈರ್ ಹಳತಾಗಿದ್ದರೆ ನೀಲಿ ಕಿಡಿ ಓಡಾಡುವುದು ಕಾಣುತ್ತದೆ.

ಇಷ್ಟೂ ಸರಿಯಿದ್ದು, ನಾಲ್ಕೂ ಸಿಲಿಂಡರ್ ಒಂದೇ ಥರ ಕೆಲಸ ಮಾಡುತ್ತಿದ್ದರೆ ಕಳ್ಳಗಾಳಿಯನ್ನು ಹುಡುಕಿ. ಐಡ್ಲಿಂಗ್‌ನಲ್ಲಿ ಮಿಕ್ಸ್ಚರ್ ಸ್ಕ್ರೂ (ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ಸ್ಕ್ರೂ) ನಿಧಾನವಾಗಿ ತಿರುಗಿಸಿ. ಎಷ್ಟು ತಿರುಗಿಸಿದರೂ ಇಂಜಿನ್ ಸದ್ದು ಬದಲಾಗದಿದ್ದರೆ ಐಡ್ಲಿಂಗ್ ಜೆಟ್ ಕಟ್ಟಿದೆ, ಇಲ್ಲವೇ ಗಾಳಿ ಸೋರುತ್ತಿದೆ. ಜೆಟ್ ಬಿಚ್ಚಿ ಗಾಳಿ ಹೊಡೆಸಿ. ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಜೆಟ್ ಎಸೆಯಬೇಕಷ್ಟೆ. ಆಮೇಲೆ ಸೋಪಿನ ನೀರನ್ನು ಕಾರ್ಬೊರೇಟರ್ ಬುಡಕ್ಕೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆಯ ಜಾಯಿಂಟ್‌ಗಳಿಗೆ ಸ್ವಲ್ಪ ಸ್ವಲ್ಪ ಹಚ್ಚಿ. ನೀರನ್ನು ಒಳಗೆ ಎಳೆದುಕೊಂಡು ಇಂಜಿನ್ ಸದ್ದು ಬದಲಾದರೆ ಜಾಗ ಸಿಕ್ಕಿತು. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಎರಡನೇ ಕಿಟ್ ಆದ ಮೇಲೆ ಜಾಸ್ತಿಯಾಯಿತು ಅಂದಿರಲ್ವಾ? ನನ್ನ ಅನುಮಾನ ಕಾರ್ಬೊರೇಟರ್‌ನ ಬುಡದ ಮೇಲೇ. ಅದು ಮೆದು ಲೋಹ. ಪ್ರತಿ ಸಲ ಬಿಚ್ಚಿ ಕೂರಿಸುವಾಗ ಎರಡು ನಟ್‌ಗಳನ್ನು ಶಕ್ತಿಯೆಲ್ಲ ಹಾಕಿ ಬಿಗಿಯುತ್ತಾರೆ. ನಟ್ ಕೂರುವ ಎರಡು ಕಿವಿಗಳೂ ಕೆಳಕ್ಕೆ ಬಾಗಿ ನಡುವೆ ಸಂದಿ ಬೀಳುತ್ತದೆ. ಹೊಸ ಗ್ಯಾಸ್ಕೆಟ್ ಅದನ್ನು ಮುಚ್ಚುವುದಿಲ್ಲ. ಕಾರ್ಬೊರೇಟರ್ ಬಿಚ್ಚಿ ದಪ್ಪ ಗಾಜಿನ ಮೇಲೆ ಕೂರಿಸಿ, ನಡುವೆ ಫೀಲರ್ ಗೇಜ್ ತೂರಿಸಿ ನೋಡಿ. ಎಲೆ ಸರಾಗವಾಗಿ ಒಳಗೆ ಹೋದರೆ, ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಇಟ್ಟು ಬುಡವನ್ನು ಸಮಕ್ಕೆ ಉಜ್ಜಿ. ಪುಡಿಯೆಲ್ಲ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಎರಡೂ ನಟ್‌ಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಥ್ರಾಟಲ್ ಸ್ಪಿಂಡಲ್ (ಥ್ರಾಟಲ್ ತಿರುಗುವ ಕಡ್ಡಿ) ಕೂಡ ಅಲ್ಲಾಡಿಸಿ ನೋಡಿ. ಮೇಲೆ ಕೆಳಗೆ ಆಡಿದರೆ ಅಲ್ಲಿಂದಲೂ ಗಾಳಿ ಹೋಗುತ್ತದೆ. ಅದಕ್ಕೆ ಲೇತ್‌ನಲ್ಲಿ ಬುಷ್ ಹಾಕಿಸಬೇಕು, ಯಾವ ಕಿಟ್‌ನಿಂದಲೂ ಅದು ಸರಿಹೋಗುವುದಿಲ್ಲ.

ಇಷ್ಟಾದರೂ ನಡುಕ ನಿಲ್ಲದಿದ್ದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ. ಇಂಜಿನ್ ಬಿಸಿಯಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಕಮ್ಮಿ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ತೊಂದರೆ ಪಿಸ್ಟನ್ ರಿಂಗ್‌ನದ್ದು, ಏರದಿದ್ದರೆ ವಾಲ್ವ್‌ನದ್ದು. ಅಕ್ಕಪಕ್ಕದ ಎರಡರಲ್ಲಿ ಕಮ್ಮಿಯಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಒಂದು ಮಾತು ನೆನಪಿರಲಿ. ನಿಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಶೇ 10ರಷ್ಟು ಕಮ್ಮಿ. ಹಾಗಾಗಿ ಮ್ಯಾನ್ಯುಯಲ್‌ನಲ್ಲಿರುವ ಅಂಕಿ ನಮ್ಮ ಕಡೆ ಬರುವುದಿಲ್ಲ.  ಅಂಕಿ ಕಮ್ಮಿ ಬಂತು ಅಂತ ಯಾರಾದರೂ ಬೋರ್ ಮಾತು ತೆಗೆದರೆ, ನಾಲ್ಕೂ ಸಿಲಿಂಡರ್‌ಗಳ ಅಂಕಿ ಬರೆಸಿಕೊಳ್ಳಿ. ನಾಲ್ಕೂ ಹತ್ತಿರ ಹತ್ತಿರ ಇದ್ದು, ಎತ್ತರದ ಈ ಲೆಕ್ಕಕ್ಕಿಂತ ತುಂಬಾ ಕೆಳಗಿಲ್ಲದಿದ್ದರೆ ಬೋರ್ ಬೇಕಿಲ್ಲ.

ಪ್ರಶ್ನೆ: ನಮ್ಮ ಹಳೇ ಅಂಬಾಸಿಡರ್ ತಿಂಗಳುಗಟ್ಟಲೆ ನಿಂತಿರುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್‌ನಿಂದ ತೊಂದರೆ ಆಗುತ್ತಾ?
– ಗೌರಿಬಿದನೂರಿನ ಓದುಗರು

ಉತ್ತರ: ಆಗುತ್ತದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಆ ನೀರು ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಮೆತ್ತಗಾಗಿ ಬಿರಿಯುತ್ತವೆ. ಮೊದಲು ಪೈಪುಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಸೋರಿದರೆ ಬೆಂಕಿಯ ಅಪಾಯ, ಅದಕ್ಕೇ ಇದು ಮೊದಲು. ಗಾಡಿ ನಿಲ್ಲಿಸಿಡುವ ಮುಂಚೆ ಕಾರ್ಬೊರೇಟರ್‌ನಲ್ಲಿರುವ ಪೆಟ್ರೋಲ್ ಖಾಲಿ ಮಾಡಿ. ಈ ಪೆಟ್ರೋಲ್‌ನಲ್ಲಿ ಮಿಕ್ಸ್ಚರ್ ಸ್ವಲ್ಪ ತೆಳುವಾಗುವುದರಿಂದ, ಐಡ್ಲಿಂಗ್ ಒರಟಾದರೆ ಮಿಕ್ಸ್ಚರ್ ಒಂಚೂರು ರಿಚ್ (ಪೆಟ್ರೋಲ್ ಜಾಸ್ತಿ) ಮಾಡಿಸಿ. ಆಗಾಗ ಗಾಡಿ ತೆಗೆದು ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸಾಲದು, ಸೈಲೆನ್ಸರ್ ಒಳಗೆ ನೀರು ನಿಂತು ಅದೂ ತುಕ್ಕು ಹಿಡಿಯುತ್ತದೆ.